ಕರ್ನಾಟಕ ವಿಧಾನಮಂಡಲದಲ್ಲಿ ಫಿಲಿಬಸ್ಟರ್

ಫಿಲಿಬಸ್ಟರ್ ಎಂಬುದು ಶಾಸನಸಭೆಯಲ್ಲಿ ಒಂದು ಮಸೂದೆ ಅಥವಾ ನಿರ್ಣಯವು ಮತಕ್ಕೆ ಬಾರದಂತೆ ಚರ್ಚೆಯನ್ನು ಉದ್ದೇಶಪೂರ್ವಕವಾಗಿ ಲಂಬಿಸುವ ತಂತ್ರವಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಸೆನೆಟ್‌ನಲ್ಲಿ ಇದು ನಿಯಮಗಳ ಆಶ್ರಯ ಪಡೆದ ಪದ್ಧತಿಯಾಗಿದ್ದು, ಅದನ್ನು ರದ್ದುಪಡಿಸಬೇಕೇ ಎಂಬ ಚರ್ಚೆ ಅಲ್ಲಿ ದೀರ್ಘಕಾಲದಿಂದ ನಡೆದಿದೆ. ಭಾರತದ ಶಾಸನಸಭೆಗಳಲ್ಲಿ ಸದಸ್ಯರಿಗೆ ಅನಿಯಮಿತವಾಗಿ ಮಾತನಾಡುವ ಹಕ್ಕಿಲ್ಲ. ಆದರೂ ೨೦೧೯ರ ಜುಲೈ ೧೮ರಿಂದ ೨೩ರವರೆಗೆ ಕರ್ನಾಟಕ ವಿಧಾನಸಭೆಯಲ್ಲಿ ನಡೆದ ವಿಶ್ವಾಸಮತ ಚರ್ಚೆಯು ಫಿಲಿಬಸ್ಟರ್‌ಗೆ ಅತಿ ಸಮೀಪದ ಭಾರತೀಯ ಉದಾಹರಣೆಗಳಲ್ಲಿ ಒಂದಾಗಿದೆ. ಈ ಪ್ರಕರಣವು ಸದನದಲ್ಲಿ ಚರ್ಚೆಯನ್ನು ಮುಗಿಸುವ ಅಧಿಕಾರ ಯಾರದು ಮತ್ತು ಅದಕ್ಕೆ ಕಾಲಮಿತಿ ಇರಬೇಕೇ ಎಂಬ ಪ್ರಶ್ನೆಗಳನ್ನು ಮುನ್ನೆಲೆಗೆ ತಂದಿತು.

ಪದದ ಹಿನ್ನೆಲೆ ಮತ್ತು ಇತರ ದೇಶಗಳ ಪದ್ಧತಿ

ಫಿಲಿಬಸ್ಟರ್ ಎಂಬ ಪದವು ಕಡಲ್ಗಳ್ಳ ಎಂಬರ್ಥದ ಡಚ್ ಪದದಿಂದ ಹುಟ್ಟಿ, ಸ್ಪ್ಯಾನಿಷ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಿತು. ಸದನದ ಸಮಯವನ್ನು ಅಪಹರಿಸುವವರಿಗೆ ಈ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲಿ ಅಂಟಿಕೊಂಡಿತು.

ಅಮೆರಿಕದ ಸೆನೆಟ್ ೧೯೧೭ರಲ್ಲಿ ಚರ್ಚೆಯನ್ನು ಮುಕ್ತಾಯಗೊಳಿಸುವ ನಿಯಮವನ್ನು ಮೊದಲ ಬಾರಿಗೆ ಅಳವಡಿಸಿಕೊಂಡಿತು. ಆಗ ಅದಕ್ಕೆ ಮೂರನೇ ಎರಡರಷ್ಟು ಬೆಂಬಲ ಬೇಕಿತ್ತು. ೧೯೭೫ರಲ್ಲಿ ಈ ಪ್ರಮಾಣವನ್ನು ಐದನೇ ಮೂರಕ್ಕೆ, ಅಂದರೆ ೧೦೦ ಸದಸ್ಯರಲ್ಲಿ ೬೦ಕ್ಕೆ ಇಳಿಸಲಾಯಿತು. ೧೯೫೭ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯನ್ನು ವಿರೋಧಿಸಿ ಸ್ಟ್ರಾಮ್ ಥರ್ಮಂಡ್ ೨೪ ಗಂಟೆ ೧೮ ನಿಮಿಷ ಮಾತನಾಡಿದರು. ೨೦೧೩ರಲ್ಲಿ ಸುಪ್ರೀಂ ಕೋರ್ಟ್ ಹೊರತುಪಡಿಸಿ ಉಳಿದ ನೇಮಕಾತಿಗಳಿಗೆ, ೨೦೧೭ರಲ್ಲಿ ಸುಪ್ರೀಂ ಕೋರ್ಟ್ ನೇಮಕಾತಿಗಳಿಗೂ ಈ ತಡೆಯನ್ನು ತೆಗೆದುಹಾಕಲಾಯಿತು. ಮಸೂದೆಗಳ ವಿಷಯದಲ್ಲಿ ಅದು ಉಳಿದುಕೊಂಡಿತು. ಮತದಾನದ ಹಕ್ಕಿನ ಮಸೂದೆಗಾಗಿ ನಿಯಮವನ್ನು ಬದಲಿಸುವ ಯತ್ನವು ೨೦೨೨ರ ಜನವರಿಯಲ್ಲಿ ೪೮-೫೨ ಮತಗಳಿಂದ ಸೋತಿತು.

ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಬೇರೆ ದಾರಿ ಹಿಡಿಯಿತು. ೧೮೮೧ರಲ್ಲಿ ಐರಿಷ್ ಸದಸ್ಯರು ಒಂದೇ ಬೈಠಕ್ಕನ್ನು ೪೧ ಗಂಟೆಗಳ ಕಾಲ ಎಳೆದಾಗ ಸ್ಪೀಕರ್ ಚರ್ಚೆಯನ್ನು ನಿಲ್ಲಿಸಿ ವಿಷಯವನ್ನು ಮತಕ್ಕೆ ಹಾಕಿದರು. ಬಳಿಕ ಚರ್ಚಾ ಮುಕ್ತಾಯದ ನಿಯಮಗಳು ರೂಪುಗೊಂಡವು. ಭಾರತದ ಶಾಸನಸಭೆಗಳು ಅನುಸರಿಸಿದ್ದು ಈ ಬ್ರಿಟಿಷ್ ಪರಂಪರೆಯನ್ನು.

ಭಾರತದ ಶಾಸನಸಭೆಗಳ ನಿಯಮಗಳು

ಸಂವಿಧಾನದ ೨೦೮ನೇ ವಿಧಿಯ ಪ್ರಕಾರ ರಾಜ್ಯ ವಿಧಾನಮಂಡಲದ ಪ್ರತಿ ಸದನವೂ ತನ್ನ ಕಾರ್ಯವಿಧಾನದ ನಿಯಮಗಳನ್ನು ತಾನೇ ರೂಪಿಸಿಕೊಳ್ಳುತ್ತದೆ. ೧೮೯ನೇ ವಿಧಿಯ ಪ್ರಕಾರ ಹಾಜರಿದ್ದು ಮತ ನೀಡುವ ಸದಸ್ಯರ ಬಹುಮತದಿಂದ ಪ್ರಶ್ನೆಗಳು ತೀರ್ಮಾನವಾಗುತ್ತವೆ. ಆದ್ದರಿಂದ ಚರ್ಚೆಯನ್ನು ನಿಲ್ಲಿಸಲು ಸೆನೆಟ್‌ನಲ್ಲಿರುವಂತೆ ವಿಶೇಷ ಬಹುಮತ ಬೇಕಿಲ್ಲ.

ಕಾರ್ಯಕಲಾಪ ಸಲಹಾ ಸಮಿತಿಯು ವಿಷಯಗಳಿಗೆ ಸಮಯ ನಿಗದಿಪಡಿಸುತ್ತದೆ. ಆ ಸಮಯವು ಪಕ್ಷಗಳ ಬಲಕ್ಕೆ ಅನುಗುಣವಾಗಿ ಹಂಚಿಕೆಯಾಗುತ್ತದೆ. ಯಾರು ಎಷ್ಟು ಹೊತ್ತು ಮಾತನಾಡಬೇಕು, ಯಾವ ಕ್ರಿಯಾಲೋಪವನ್ನು ಎತ್ತಿಕೊಳ್ಳಬೇಕು, ಸದನವನ್ನು ಯಾವಾಗ ಮುಂದೂಡಬೇಕು ಎಂಬುದನ್ನು ನಿರ್ಧರಿಸುವವರು ಸಭಾಧ್ಯಕ್ಷರು. ಸದನದ ಕಲಾಪದಲ್ಲಿ ಕಾರ್ಯವಿಧಾನದ ಲೋಪವಾಗಿದೆ ಎಂಬ ಕಾರಣಕ್ಕೆ ಅದರ ಸಿಂಧುತ್ವವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದು ೨೧೨ನೇ ವಿಧಿ ಹೇಳುತ್ತದೆ.

ಹೀಗಾಗಿ ಇಲ್ಲಿ ಒಬ್ಬ ಸದಸ್ಯ ತನ್ನ ಕಂಠಶಕ್ತಿಯಿಂದಷ್ಟೇ ಸದನವನ್ನು ತಡೆಹಿಡಿಯುವುದು ಅಸಾಧ್ಯ. ವಿರೋಧ ಪಕ್ಷಗಳು ಸಾಮಾನ್ಯವಾಗಿ ಗದ್ದಲ, ಸಭಾಧ್ಯಕ್ಷರ ಪೀಠದ ಮುಂದೆ ಧರಣಿ ಮತ್ತು ಸಭಾತ್ಯಾಗದ ಮೂಲಕ ಪ್ರತಿರೋಧ ತೋರುತ್ತವೆ. ಮಾತಿನ ಮೂಲಕ ಕಾಲವನ್ನು ಲಂಬಿಸಬೇಕಾದರೆ ಅದಕ್ಕೆ ಸಭಾಧ್ಯಕ್ಷರ ಅವಕಾಶ ಬೇಕು.

ಬೊಮ್ಮಾಯಿ ಪ್ರಕರಣ

ಸರ್ಕಾರದ ಬಹುಮತ ಸದನದಲ್ಲೇ ಸಾಬೀತಾಗಬೇಕೆಂಬ ತತ್ತ್ವ ರೂಪುಗೊಂಡದ್ದೂ ಕರ್ನಾಟಕದ ಪ್ರಕರಣವೊಂದರಿಂದಲೇ. ೧೯೮೯ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರಕ್ಕೆ ನೀಡಿದ್ದ ಬೆಂಬಲವನ್ನು ಹಿಂತೆಗೆದುಕೊಳ್ಳುವ ೧೯ ಶಾಸಕರ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಸೇರಿದವು. ಮರುದಿನವೇ ಅವರಲ್ಲಿ ಏಳು ಮಂದಿ ತಮ್ಮ ನಿಲುವನ್ನು ಬದಲಿಸಿದರು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧವೆಂದು ಬೊಮ್ಮಾಯಿ ತಿಳಿಸಿದರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ ೨೧ರಂದು ರಾಷ್ಟ್ರಪತಿ ಆಡಳಿತ ಜಾರಿಗೆ ಬಂದಿತು.

೧೯೯೪ರ ಮಾರ್ಚ್ ೧೧ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತದ ಪರೀಕ್ಷೆ ನಡೆಯಬೇಕಾದ ಸ್ಥಳ ಸದನವೇ ಹೊರತು ರಾಜಭವನವಲ್ಲ ಎಂಬ ತತ್ತ್ವವನ್ನು ಸ್ಥಾಪಿಸಿತು. ಈ ತೀರ್ಪು ಪರೀಕ್ಷೆ ಎಲ್ಲಿ ನಡೆಯಬೇಕೆಂಬುದನ್ನು ಸ್ಪಷ್ಟಪಡಿಸಿತು. ಅದು ಎಷ್ಟು ದಿನಗಳಲ್ಲಿ ಮುಗಿಯಬೇಕೆಂಬ ಪ್ರಶ್ನೆ ಉಳಿಯಿತು.

೨೦೧೯ರ ವಿಶ್ವಾಸಮತ ಚರ್ಚೆ

ಹಿನ್ನೆಲೆ

೨೦೧೮ರ ಮೇ ತಿಂಗಳ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ದೊರೆಯಲಿಲ್ಲ. ೧೦೪ ಸ್ಥಾನ ಗೆದ್ದಿದ್ದ ಬಿಜೆಪಿಯ ಬಿ. ಎಸ್. ಯಡಿಯೂರಪ್ಪ ಮೇ ೧೭ರಂದು ಮುಖ್ಯಮಂತ್ರಿಯಾದರು. ಮೇ ೧೯ರ ಸಂಜೆ ೪ ಗಂಟೆಗೆ ಬಹುಮತ ಸಾಬೀತುಪಡಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿದ ಬಳಿಕ, ಅವರು ಮತ ಎಣಿಕೆಗೆ ಮುನ್ನವೇ ರಾಜೀನಾಮೆ ನೀಡಿದರು. ಮೇ ೨೩ರಂದು ಜೆಡಿಎಸ್‌ನ ಎಚ್. ಡಿ. ಕುಮಾರಸ್ವಾಮಿ ಕಾಂಗ್ರೆಸ್ ಜೊತೆಗಿನ ಮೈತ್ರಿ ಸರ್ಕಾರದ ಮುಖ್ಯಮಂತ್ರಿಯಾದರು.

೨೦೧೯ರ ಜುಲೈ ಮೊದಲ ಎರಡು ವಾರಗಳಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ನ ೧೬ ಶಾಸಕರು ರಾಜೀನಾಮೆ ಸಲ್ಲಿಸಿದರು. ಇಬ್ಬರು ಪಕ್ಷೇತರ ಸದಸ್ಯರೂ ಬೆಂಬಲ ಹಿಂತೆಗೆದುಕೊಂಡರು. ಇದು ಬಿಜೆಪಿಯ 'ಆಪರೇಷನ್ ಕಮಲ' ಎಂದು ಆಡಳಿತ ಪಕ್ಷಗಳು ಆರೋಪಿಸಿದವು. ಬಿಜೆಪಿ ಅದನ್ನು ನಿರಾಕರಿಸಿತು.

ಸಭಾಧ್ಯಕ್ಷ ಕೆ. ಆರ್. ರಮೇಶ್ ಕುಮಾರ್ ರಾಜೀನಾಮೆಗಳನ್ನು ಕೂಡಲೇ ಅಂಗೀಕರಿಸಲಿಲ್ಲ. ರಾಜೀನಾಮೆಯು ಸ್ವಇಚ್ಛೆಯಿಂದ ಕೂಡಿಲ್ಲ ಅಥವಾ ನೈಜವಲ್ಲ ಎಂದು ವಿಚಾರಣೆಯಿಂದ ಮನವರಿಕೆಯಾದರೆ ಸಭಾಧ್ಯಕ್ಷರು ಅದನ್ನು ಅಂಗೀಕರಿಸಬಾರದೆಂದು ೧೯೭೪ರ ೩೩ನೇ ತಿದ್ದುಪಡಿಯ ಬಳಿಕ ಸಂವಿಧಾನದ ೧೯೦ನೇ ವಿಧಿ ಹೇಳುತ್ತದೆ. ಅತೃಪ್ತ ಶಾಸಕರು ಸುಪ್ರೀಂ ಕೋರ್ಟ್ ಮೊರೆಹೋದರು. ರಾಜೀನಾಮೆಗಳ ಬಗ್ಗೆ ತಮಗೆ ಸೂಕ್ತವೆನಿಸಿದ ಕಾಲಾವಧಿಯಲ್ಲಿ ತೀರ್ಮಾನಿಸುವ ಸ್ವಾತಂತ್ರ್ಯ ಸಭಾಧ್ಯಕ್ಷರಿಗಿದೆ. ಆದರೆ ೧೫ ಶಾಸಕರನ್ನು ಕಲಾಪದಲ್ಲಿ ಭಾಗವಹಿಸುವಂತೆ ಬಲವಂತಪಡಿಸಬಾರದು ಎಂದು ನ್ಯಾಯಾಲಯ ಜುಲೈ ೧೭ರಂದು ಮಧ್ಯಂತರ ಆದೇಶ ನೀಡಿತು.

ಕಲಾಪದ ಕ್ರಮ

ಜುಲೈ ೧೮ರ ಗುರುವಾರ ಕುಮಾರಸ್ವಾಮಿ ವಿಶ್ವಾಸಮತದ ಪ್ರಸ್ತಾವ ಮಂಡಿಸಿದರು. ಅಂದೇ ಪ್ರಕ್ರಿಯೆ ಮುಗಿಯಬೇಕೆಂದು ಯಡಿಯೂರಪ್ಪ ಒತ್ತಾಯಿಸಿದರು. ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕ ಸಿದ್ದರಾಮಯ್ಯ ಕ್ರಿಯಾಲೋಪ ಎತ್ತಿ, ನ್ಯಾಯಾಲಯದ ಆದೇಶದಿಂದ ಪಕ್ಷಗಳ ವಿಪ್ ಜಾರಿಗೊಳಿಸುವ ಹಕ್ಕಿಗೆ ಧಕ್ಕೆಯಾಗಿದೆ, ಅದು ಇತ್ಯರ್ಥವಾಗುವವರೆಗೆ ಪ್ರಸ್ತಾವವನ್ನು ಮುಂದೂಡಬೇಕು ಎಂದರು. ಮತ ನಡೆಯದೆ ಸದನ ಮುಂದೂಡಿಕೆಯಾದಾಗ ಬಿಜೆಪಿ ಶಾಸಕರು ವಿಧಾನಸೌಧದಲ್ಲೇ ಅಹೋರಾತ್ರಿ ಧರಣಿ ನಡೆಸಿದರು.

ರಾಜ್ಯಪಾಲ ವಜುಭಾಯಿ ವಾಲಾ ಅವರು ದಿನದ ಅಂತ್ಯದೊಳಗೆ ಪ್ರಕ್ರಿಯೆ ಮುಗಿಸುವುದನ್ನು ಪರಿಗಣಿಸುವಂತೆ ಸಭಾಧ್ಯಕ್ಷರಿಗೆ ಸಂದೇಶ ಕಳುಹಿಸಿದ್ದರು. ಬಳಿಕ ಜುಲೈ ೧೯ರ ಮಧ್ಯಾಹ್ನ ೧.೩೦ರೊಳಗೆ ಬಹುಮತ ಸಾಬೀತುಪಡಿಸುವಂತೆ ಮುಖ್ಯಮಂತ್ರಿಗೆ ಪತ್ರ ಬರೆದರು. ಆ ಗಡುವು ಮೀರಿದಾಗ ಅದೇ ದಿನಕ್ಕೆ ಎರಡನೇ ಗಡುವು ನೀಡಿದರು. ಎರಡೂ ಗಡುವುಗಳು ಮತವಿಲ್ಲದೆ ಕಳೆದವು. ರಾಜ್ಯಪಾಲರ ನಿರ್ದೇಶನವನ್ನು ಪ್ರಶ್ನಿಸಿ ಮುಖ್ಯಮಂತ್ರಿ ಸುಪ್ರೀಂ ಕೋರ್ಟ್‌ಗೆ ಹೋದರು. ಸದನ ಜುಲೈ ೨೨ರ ಸೋಮವಾರಕ್ಕೆ ಮುಂದೂಡಿಕೆಯಾಯಿತು.

ಸೋಮವಾರ ಆಡಳಿತ ಪಕ್ಷದ ಸದಸ್ಯರು ಒಬ್ಬರಾದ ಮೇಲೊಬ್ಬರು ಮಾತನಾಡಿದರು. ರಾಜೀನಾಮೆಗಳ ಪ್ರಶ್ನೆ ಮೊದಲು ಇತ್ಯರ್ಥವಾಗದೆ ಮತಕ್ಕೆ ಅರ್ಥವಿಲ್ಲ ಎಂದು ಸಚಿವ ಕೃಷ್ಣ ಬೈರೇಗೌಡ ವಾದಿಸಿದರು. ಬಿಜೆಪಿ ಸದಸ್ಯರು ಚರ್ಚೆ ಬೇಗ ಮುಗಿಯಲೆಂದು ಬಹುಮಟ್ಟಿಗೆ ಮೌನವಾಗಿ ಕುಳಿತರು. ವಿಪ್ ನೀಡಲು ಪಕ್ಷಗಳಿಗೆ ಅಡ್ಡಿಯಿಲ್ಲ ಎಂದು ಸಭಾಧ್ಯಕ್ಷರು ತೀರ್ಪಿತ್ತರು. ಮಧ್ಯರಾತ್ರಿ ಸಮೀಪಿಸುವವರೆಗೆ ಕಲಾಪ ನಡೆದರೂ ಮತಗಳ ಎಣಿಕೆ ನಡೆಯಲಿಲ್ಲ. ಮರುದಿನ ಸಂಜೆ ೬ ಗಂಟೆಗೆ ಪ್ರಕ್ರಿಯೆ ಮುಗಿಸುವ ಸಮಯ ನಿಗದಿಯಾಯಿತು.

ಜುಲೈ ೨೩ರ ಮಂಗಳವಾರ ಸಂಜೆ ಮತವಿಭಜನೆ ನಡೆಯಿತು. ಪ್ರಸ್ತಾವದ ಪರವಾಗಿ ೯೯, ವಿರುದ್ಧವಾಗಿ ೧೦೫ ಮತಗಳು ಬಂದವು. ೨೦ ಸದಸ್ಯರು ಗೈರುಹಾಜರಾಗಿದ್ದರು. ಕುಮಾರಸ್ವಾಮಿ ರಾಜೀನಾಮೆ ಸಲ್ಲಿಸಿದರು. ನಗರದಲ್ಲಿ ಪೊಲೀಸರು ೪೮ ಗಂಟೆಗಳ ನಿಷೇಧಾಜ್ಞೆ ಜಾರಿಗೊಳಿಸಿ, ಮದ್ಯದಂಗಡಿಗಳನ್ನು ಮುಚ್ಚಿಸಿದರು.

ದಕ್ಷಿಣ ಬೆಂಗಳೂರಿನ ಕ್ಷೇತ್ರಗಳು

ಈ ಬಿಕ್ಕಟ್ಟಿನಲ್ಲಿ ದಕ್ಷಿಣ ಬೆಂಗಳೂರಿನ ಅಕ್ಕಪಕ್ಕದ ಮೂರು ವಿಧಾನಸಭಾ ಕ್ಷೇತ್ರಗಳ ಪ್ರತಿನಿಧಿಗಳು ಮೂರು ಭಿನ್ನ ಸ್ಥಿತಿಗಳಲ್ಲಿದ್ದರು.

ಬಿಟಿಎಂ ಲೇಔಟ್ ಶಾಸಕ, ಮಾಜಿ ಗೃಹ ಸಚಿವ ರಾಮಲಿಂಗಾರೆಡ್ಡಿ ಜುಲೈ ೬ರಂದು ರಾಜೀನಾಮೆ ಸಲ್ಲಿಸಿದವರಲ್ಲಿ ಒಬ್ಬರಾಗಿದ್ದರು. ಅವರು ಸುಪ್ರೀಂ ಕೋರ್ಟ್‌ಗೆ ಹೋದ ಗುಂಪಿನಲ್ಲಿ ಸೇರಲಿಲ್ಲ. ರಾಜೀನಾಮೆ ಅಂಗೀಕಾರವಾಗುವ ಮೊದಲೇ ತಮ್ಮ ನಿಲುವನ್ನು ಬದಲಿಸಿ, ಸದನಕ್ಕೆ ಬಂದು ಸರ್ಕಾರದ ಪರವಾಗಿ ಮತ ನೀಡಿದರು. ಅವರ ಪುತ್ರಿ ಸೌಮ್ಯಾ ರೆಡ್ಡಿ ಜೆ.ಪಿ. ನಗರದ ಭಾಗಗಳನ್ನೂ ಒಳಗೊಂಡ ಜಯನಗರದ ಕಾಂಗ್ರೆಸ್ ಶಾಸಕಿಯಾಗಿದ್ದರು. ಬಿಜೆಪಿಯ ಬಿ. ಎನ್. ವಿಜಯಕುಮಾರ್ ಅವರ ನಿಧನದಿಂದ ಜಯನಗರದ ಮತದಾನ ೨೦೧೮ರ ಜೂನ್ ೧೧ಕ್ಕೆ ಮುಂದೂಡಿಕೆಯಾಗಿತ್ತು. ಹೀಗಾಗಿ ೨೦೧೮ರ ಮೇ ೨೫ರಂದು ಕುಮಾರಸ್ವಾಮಿ ಮೊದಲ ಬಾರಿ ವಿಶ್ವಾಸಮತ ಗೆದ್ದಾಗ ಆ ಕ್ಷೇತ್ರಕ್ಕೆ ಸದನದಲ್ಲಿ ಪ್ರತಿನಿಧಿಯೇ ಇರಲಿಲ್ಲ. ಬನಶಂಕರಿಯ ಭಾಗಗಳು ಸೇರಿರುವ ಪದ್ಮನಾಭನಗರದ ಶಾಸಕ ಆರ್. ಅಶೋಕ ಬಿಜೆಪಿಯವರು.

ಶಾಸಕರ ಅನರ್ಹತೆಯಿಂದಾಗಿ ಯಶವಂತಪುರ, ಕೆ.ಆರ್. ಪುರ, ಮಹಾಲಕ್ಷ್ಮಿ ಲೇಔಟ್ ಮತ್ತು ಶಿವಾಜಿನಗರದ ಮತದಾರರು ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು. ಬಿಟಿಎಂ ಲೇಔಟ್‌ನಲ್ಲಿ ಅಂಥ ಸಂದರ್ಭ ಬರಲಿಲ್ಲ.

ವಿಳಂಬದ ಪರ ವಾದಗಳು

ರಾಜೀನಾಮೆ ಅಥವಾ ಬೆಂಬಲ ಹಿಂತೆಗೆತ ಒತ್ತಡ ಇಲ್ಲವೇ ಆಮಿಷದಿಂದ ಬಂದಿರುವ ಶಂಕೆಯಿದ್ದಾಗ, ಸತ್ಯಾಂಶ ತಿಳಿಯಲು ಕಾಲಾವಕಾಶ ಬೇಕು ಎಂಬುದು ವಿಳಂಬವನ್ನು ಸಮರ್ಥಿಸುವವರ ಪ್ರಮುಖ ವಾದ. ೧೯೮೯ರಲ್ಲಿ ಏಳು ಶಾಸಕರು ಒಂದೇ ದಿನದಲ್ಲಿ ನಿಲುವು ಬದಲಿಸಿದ್ದು ಮತ್ತು ೨೦೧೯ರಲ್ಲಿ ಬಿಟಿಎಂ ಲೇಔಟ್ ಶಾಸಕರು ರಾಜೀನಾಮೆಯಿಂದ ಹಿಂದೆ ಸರಿದದ್ದು ಈ ವಾದಕ್ಕೆ ಪೂರಕವಾದ ಸಂಗತಿಗಳು. ಅವಸರದ ಎಣಿಕೆಯು ಒಂದು ದಿನದ ಬಲಾಬಲವನ್ನೇ ಅಂತಿಮ ಸತ್ಯವೆಂದು ಪರಿಗಣಿಸುವ ಅಪಾಯವಿದೆ.

ಎರಡನೆಯದಾಗಿ, ವಿಶ್ವಾಸಮತದ ಚರ್ಚೆ ಕೇವಲ ತಲೆಯೆಣಿಕೆಯಲ್ಲ. ಸರ್ಕಾರ ಏಕೆ ಬೀಳುತ್ತಿದೆ ಎಂಬುದು ಸದನದ ದಾಖಲೆಯಲ್ಲಿ ಉಳಿಯಬೇಕು. ಮೂರನೆಯದಾಗಿ, ಸದನದ ಕಾಲವನ್ನು ರಾಜಭವನ ನಿಗದಿಪಡಿಸುವುದು ಶಾಸಕಾಂಗದ ಸ್ವಾಯತ್ತತೆಗೆ ಒಪ್ಪುವುದಿಲ್ಲ. ೧೭೫ನೇ ವಿಧಿಯಡಿ ರಾಜ್ಯಪಾಲರು ಸದನಕ್ಕೆ ಸಂದೇಶ ಕಳುಹಿಸಬಹುದಾದರೂ, ಕಲಾಪದ ನಿಯಂತ್ರಣ ಸಭಾಧ್ಯಕ್ಷರದು ಎಂಬುದು ಆಡಳಿತ ಪಕ್ಷಗಳ ನಿಲುವಾಗಿತ್ತು.

ವಿಳಂಬದ ವಿರುದ್ಧ ವಾದಗಳು

೧೬೪ನೇ ವಿಧಿಯ ಪ್ರಕಾರ ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರುತ್ತದೆ. ಬಹುಮತವೇ ಸಂದೇಹದಲ್ಲಿರುವ ಸರ್ಕಾರವು ದಿನಗಟ್ಟಲೆ ಅಧಿಕಾರದಲ್ಲಿ ಮುಂದುವರಿದರೆ ಆ ಹೊಣೆಗಾರಿಕೆ ಸಡಿಲಗೊಳ್ಳುತ್ತದೆ. ಅಮೆರಿಕದ ಫಿಲಿಬಸ್ಟರ್ ಬಹುಮತದ ವಿರುದ್ಧ ಅಲ್ಪಸಂಖ್ಯೆಯ ಸದಸ್ಯರು ಹಿಡಿಯುವ ಅಸ್ತ್ರ. ೨೦೧೯ರಲ್ಲಿ ಮಾತನ್ನು ಲಂಬಿಸಿದ್ದು ಅಧಿಕಾರದಲ್ಲಿದ್ದ ಸರ್ಕಾರದ ಪಕ್ಷವೇ ಎಂಬುದು ಗಮನಾರ್ಹ ವ್ಯತ್ಯಾಸ.

ಕಾಲ ವಿಸ್ತರಿಸಿದಷ್ಟೂ ಆಮಿಷ ಮತ್ತು ಒತ್ತಡಗಳಿಗೆ ಅವಕಾಶ ಹೆಚ್ಚುತ್ತದೆ ಎಂಬುದು ಮತ್ತೊಂದು ಆಕ್ಷೇಪ. ಆಡಳಿತಕ್ಕೂ ಇದರಿಂದ ಹಾನಿಯುಂಟು. ೨೦೧೯ರಲ್ಲಿ ಜುಲೈ ೩೧ರೊಳಗೆ ಹಣಕಾಸು ಮಸೂದೆ ಅಂಗೀಕಾರವಾಗದಿದ್ದರೆ ವೇತನ ಸೇರಿದಂತೆ ಸರ್ಕಾರದ ವೆಚ್ಚಗಳಿಗೆ ಹಣ ಪಡೆಯುವುದೇ ಕಷ್ಟವಾಗುತ್ತಿತ್ತು. ಜುಲೈ ೨೬ರಂದು ಮುಖ್ಯಮಂತ್ರಿಯಾದ ಯಡಿಯೂರಪ್ಪ ಜುಲೈ ೨೯ರಂದು ಧ್ವನಿಮತದಿಂದ ವಿಶ್ವಾಸಮತ ಪಡೆದರು. ಹಣಕಾಸು ಮಸೂದೆಯೂ ಅಂದೇ ಅಂಗೀಕಾರವಾಯಿತು. ಸಭಾಧ್ಯಕ್ಷ ರಮೇಶ್ ಕುಮಾರ್ ಅದೇ ದಿನ ತಮ್ಮ ಸ್ಥಾನಕ್ಕೆ ರಾಜೀನಾಮೆ ನೀಡಿದರು.

ವಿಧಾನ ಪರಿಷತ್ತಿನ ವಿಳಂಬಾಧಿಕಾರ

ಕರ್ನಾಟಕದ ಮೇಲ್ಮನೆಯಾದ ೭೫ ಸದಸ್ಯರ ವಿಧಾನ ಪರಿಷತ್ತಿಗೆ ಮಸೂದೆಗಳನ್ನು ತಡೆಹಿಡಿಯುವ ಅಧಿಕಾರವನ್ನು ಸಂವಿಧಾನವೇ ನೀಡಿದೆ. ಆದರೆ ಅದಕ್ಕೆ ಮಿತಿಯೂ ಇದೆ. ೧೯೭ನೇ ವಿಧಿಯ ಪ್ರಕಾರ ಸಾಮಾನ್ಯ ಮಸೂದೆಯನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳುಹಿಸಿದರೆ ಒಂದು ತಿಂಗಳು ಮಾತ್ರ ತಡೆಯಬಹುದು. ಧನ ಮಸೂದೆಗೆ ಈ ಅವಧಿ ೧೪ ದಿನ.

೨೦೨೧ರ ಡಿಸೆಂಬರ್‌ನಲ್ಲಿ ವಿಧಾನಸಭೆ ಅಂಗೀಕರಿಸಿದ ಮತಾಂತರ ನಿಷೇಧ ಮಸೂದೆಯನ್ನು ಆಗಿನ ಬಿಜೆಪಿ ಸರ್ಕಾರವು ಬಹುಮತವಿಲ್ಲದ ಪರಿಷತ್ತಿನಲ್ಲಿ ಕೂಡಲೇ ಮಂಡಿಸಲಿಲ್ಲ. ೨೦೨೨ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಸೆಪ್ಟೆಂಬರ್‌ನಲ್ಲಿ ಪರಿಷತ್ತಿನ ಒಪ್ಪಿಗೆ ಪಡೆಯಿತು. ೨೦೨೪ರ ಫೆಬ್ರವರಿಯಲ್ಲಿ ಕಾಂಗ್ರೆಸ್ ಸರ್ಕಾರದ ಹಿಂದೂ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆಯನ್ನು ಪರಿಷತ್ತು ತಿರಸ್ಕರಿಸಿದಾಗ, ವಿಧಾನಸಭೆ ಅದನ್ನು ಅದೇ ತಿಂಗಳು ಮತ್ತೊಮ್ಮೆ ಅಂಗೀಕರಿಸಿತು. ಎರಡೂ ಸಂದರ್ಭಗಳಲ್ಲಿ ವಿರೋಧಕ್ಕೆ ಅವಕಾಶ ದೊರೆಯಿತು. ಆದರೆ ಕೊನೆಯ ಮಾತು ನೇರವಾಗಿ ಚುನಾಯಿತವಾದ ಸದನದ್ದೇ ಎಂಬ ವ್ಯವಸ್ಥೆಗೆ ಭಂಗ ಬರಲಿಲ್ಲ. ವಿಧಾನಸಭೆಯೊಳಗಿನ ವಿಶ್ವಾಸಮತ ಚರ್ಚೆಗೆ ಸಂವಿಧಾನದಲ್ಲಿ ಇಂಥ ಕಾಲಮಿತಿಯಿಲ್ಲ.

ನ್ಯಾಯಾಲಯಗಳ ನಿಲುವು

ಜುಲೈ ೨೫ ಮತ್ತು ೨೮ರಂದು ಸಭಾಧ್ಯಕ್ಷರು ಒಟ್ಟು ೧೭ ಶಾಸಕರನ್ನು ಅನರ್ಹಗೊಳಿಸಿದರು. ೨೦೧೯ರ ನವೆಂಬರ್ ೧೩ರಂದು ಸುಪ್ರೀಂ ಕೋರ್ಟ್ ಈ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ರದ್ದುಪಡಿಸಿತು. ರಾಜೀನಾಮೆಯ ವಿಷಯದಲ್ಲಿ ಸಭಾಧ್ಯಕ್ಷರ ವಿಚಾರಣೆಯು ಅದು ಸ್ವಇಚ್ಛೆಯದೇ, ನೈಜವೇ ಎಂಬುದಕ್ಕೆ ಸೀಮಿತ ಎಂದು ತಿಳಿಸಿತು. ಸಭಾಧ್ಯಕ್ಷರು ತಟಸ್ಥ ಧರ್ಮಕ್ಕೆ ವಿರುದ್ಧವಾಗಿ ವರ್ತಿಸುವ ಪ್ರವೃತ್ತಿ ಬೆಳೆಯುತ್ತಿರುವ ಬಗ್ಗೆ ಕಳವಳ ವ್ಯಕ್ತಪಡಿಸಿತು. ಡಿಸೆಂಬರ್ ೫ರಂದು ೧೫ ಕ್ಷೇತ್ರಗಳಿಗೆ ಉಪಚುನಾವಣೆ ನಡೆದು, ಬಿಜೆಪಿ ೧೨ರಲ್ಲಿ ಗೆದ್ದಿತು.

ಮಣಿಪುರದ ಪ್ರಕರಣವೊಂದರಲ್ಲಿ ೨೦೨೦ರ ಜನವರಿಯಲ್ಲಿ ನ್ಯಾಯಾಲಯವು, ಅನರ್ಹತೆಯ ಅರ್ಜಿಗಳನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು ಎಂದಿತು. ಇಂಥ ಅರ್ಜಿಗಳಿಗಾಗಿ ಸ್ವತಂತ್ರ ನ್ಯಾಯಮಂಡಳಿ ರಚಿಸುವ ಬಗ್ಗೆ ಸಂಸತ್ತು ಚಿಂತಿಸಬೇಕೆಂದೂ ಸೂಚಿಸಿತು. ೨೦೧೯ರ ನವೆಂಬರ್‌ನಲ್ಲಿ ಮಹಾರಾಷ್ಟ್ರ ಮತ್ತು ೨೦೨೦ರ ಮಾರ್ಚ್‌ನಲ್ಲಿ ಮಧ್ಯಪ್ರದೇಶದ ವಿಷಯದಲ್ಲಿ, ಮರುದಿನವೇ ಬಹುಮತ ಪರೀಕ್ಷೆ ನಡೆಸುವಂತೆ ನ್ಯಾಯಾಲಯ ಆದೇಶಿಸಿತು.

ಸುಧಾರಣೆಯ ಪ್ರಶ್ನೆ

ಅಮೆರಿಕದಲ್ಲಿ ಫಿಲಿಬಸ್ಟರ್ ರದ್ದತಿ ಎಂದರೆ ಸೆನೆಟ್‌ನ ನಿರ್ದಿಷ್ಟ ನಿಯಮದ ಬದಲಾವಣೆ. ಕರ್ನಾಟಕದಲ್ಲಿ ರದ್ದುಪಡಿಸಬೇಕಾದ ಅಂಥ ನಿಯಮವಿಲ್ಲ. ಇಲ್ಲಿನ ವಿಳಂಬ ಹುಟ್ಟುವುದು ನಿಯಮದ ಮೌನದಿಂದ ಮತ್ತು ಆ ಮೌನವನ್ನು ತುಂಬುವ ಅಧಿಕಾರ ಒಬ್ಬರೇ ಸಭಾಧ್ಯಕ್ಷರಲ್ಲಿ ಕೇಂದ್ರೀಕೃತವಾಗಿರುವುದರಿಂದ. ಲೋಕಸಭೆಯಲ್ಲಿ ಅವಿಶ್ವಾಸ ನಿರ್ಣಯಕ್ಕೆ ೫೦ ಸದಸ್ಯರ ಬೆಂಬಲದೊಂದಿಗೆ ಅನುಮತಿ ದೊರೆತರೆ, ಹತ್ತು ದಿನಗಳೊಳಗೆ ಅದನ್ನು ಚರ್ಚೆಗೆ ಎತ್ತಿಕೊಳ್ಳಬೇಕು. ಈ ನಿಯಮ ಚರ್ಚೆಯ ಆರಂಭಕ್ಕೆ ಗಡುವು ವಿಧಿಸುತ್ತದೆ; ಮತದಾನದ ಗಂಟೆಯನ್ನು ನಿಗದಿಪಡಿಸುವುದಿಲ್ಲ.

ಸದನವು ತನ್ನ ನಿಯಮಗಳಲ್ಲೇ ವಿಶ್ವಾಸಮತ ಚರ್ಚೆಗೆ ಗರಿಷ್ಠ ಅವಧಿಯನ್ನು ಮೊದಲೇ ಗೊತ್ತುಪಡಿಸಿದರೆ, ರಾಜಭವನ ಅಥವಾ ನ್ಯಾಯಾಲಯ ಗಡುವು ವಿಧಿಸುವ ಸಂದರ್ಭ ಕಡಿಮೆಯಾಗುತ್ತದೆ. ಆ ಅವಧಿ ತೀರಾ ಚಿಕ್ಕದಾದರೆ, ಒತ್ತಡಕ್ಕೆ ಸಿಲುಕಿದ ಸದಸ್ಯನು ಮನಸ್ಸು ಬದಲಿಸಿ ಹಿಂದಿರುಗಲು ದೊರೆಯುವ ಅವಕಾಶವೂ ಮೊಟಕಾಗುತ್ತದೆ. ೨೦೧೯ರ ಚರ್ಚೆಯು ಆರು ದಿನಗಳ ಅವಧಿಯಲ್ಲಿ ನಾಲ್ಕು ದಿನ ನಡೆಯಿತು. ಬಿಟಿಎಂ ಲೇಔಟ್ ಶಾಸಕರು ಹಿಂದಿರುಗಿದ್ದು ಪ್ರಸ್ತಾವ ಮಂಡನೆಗೆ ಮುನ್ನವೇ. ಚರ್ಚೆ ನಡೆದಷ್ಟು ದಿನವೂ ಉಳಿದ ಹದಿನೈದು ಶಾಸಕರ ಆಸನಗಳು ಖಾಲಿಯಾಗಿಯೇ ಇದ್ದವು.